ಮೊಣಕಾಲಿನ ಯೋಗಕ್ಷೇಮ

ಹೊಲಿಗೆ ಅಂಗಡಿಯಿಂದ,
೯ನೇ ತಾರೀಖು, ಭಾನುವಾರ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯ? ಪಾಳಿ ಮುಗಿಸಿ ಬಂದು ಹೊಟ್ಟೆಗೆ ಏನಾದರೂ ಹಾಕಿಕೊಳ್ಳುತ್ತೀಯೋ, ಇಲ್ಲ ಸಮವಸ್ತ್ರದಲ್ಲೇ ಹಾಸಿಗೆಗೆ ಬೀಳುತ್ತೀಯೋ? ಊರಿಗೆಲ್ಲ ಬುದ್ಧಿ ಹೇಳುವ ನರ್ಸಮ್ಮ ತಾನೇ ಉಪವಾಸವಿದ್ದರೆ ಈ ಅಜ್ಜಿಗೆ ಸಿಟ್ಟು ಬರುತ್ತದೆ. ನಾನು ಚೆನ್ನಾಗಿದ್ದೇನೆ. ಮಾತ್ರೆಗಳೆಲ್ಲ ಮುಗಿದವು, ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದಿದೆ. ಅವತ್ತು ನಾನು ಫೋನಿನಲ್ಲಿ ಅತ್ತಿದ್ದನ್ನು ಮರೆತುಬಿಡು.

ಲೈಂಗಿಕ ಸಂಪರ್ಕದಿಂದ ಬಂದ ಸೋಂಕು ಎಂದು ಡಾಕ್ಟರಮ್ಮ ಹೇಳಿದಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇದು ವಯಸ್ಸು ಕೇಳಿ ಬರುವುದಲ್ಲ, ಯಾರಿಂದ ಯಾರಿಗೆ ಬಂತೆಂದು ಕೆದಕುವುದೂ ಬೇಡ, ಜೊತೆಗಾರರಿಗೆ ಬೇಗ ತಿಳಿಸಿ ಅಂದರು. ಜೊತೆಗಾರರು ಯಾರೆಂದು ನಿನಗೆ ಗೊತ್ತು, ಎದುರು ಅಂಗಡಿಯ ಗಡಿಯಾರ ರಿಪೇರಿಯವರು. (ಒಂದೇ ಗಡಿಯಾರ ಎಷ್ಟು ಸಲ ಕೆಡುತ್ತದಮ್ಮ ಎಂದು ನಿನ್ನ ಅಪ್ಪ ಇನ್ನೂ ಕೇಳುತ್ತಲೇ ಇದ್ದಾನೆ, ಪಾಪ.) ನಿನ್ನ ತಾತ ಹೋದ ಇಷ್ಟು ವರ್ಷಕ್ಕೆ ಮನಸ್ಸಿಗೆ ಒಪ್ಪುವವರೊಬ್ಬರು ಸಿಕ್ಕಿದ್ದರು. ಈ ಸುದ್ದಿ ಕೇಳಿ ನನ್ನ ಮುಖವನ್ನೇ ನೋಡದಿದ್ದರೆ ಎಂದು ಹೆದರಿದೆ. ಎದುರು ನಿಂತು ಹೇಳಲು ನಾಲಿಗೆ ಏಳಲಿಲ್ಲ.

ಆಗ ನೀನು ಆ ಜಾಲತಾಣದ ಲಿಂಕ್ ಕಳಿಸಿದೆ. ಅವರ ನಂಬರ್ ಹಾಕಿದರೆ ಪರೀಕ್ಷೆ ಮಾಡಿಸಿಕೊಳ್ಳಿ ಎಂಬ ಸಂದೇಶ ಹೋಗುತ್ತದೆ, ಕಳಿಸಿದವರು ಯಾರೆಂದು ಗೊತ್ತಾಗುವುದಿಲ್ಲ ಅಂದೆ. ಎಲ್ಲ ಸರಿ. ಆದರೆ ನಮ್ಮದೇ ಮಾತು ಸೇರಿಸಲು ಕೆಳಗೆ ಖಾಲಿ ಜಾಗ ಬಿಟ್ಟಿದ್ದರಲ್ಲ, ಅದೇ ಕೆಲಸ ಕೆಡಿಸಿತು. ಕ್ಷೇಮ ವಿಚಾರಿಸದೆ ಇಂಥ ಸುದ್ದಿ ಮುಟ್ಟಿಸುವುದು ಯಾವ ಮರ್ಯಾದೆ? 'ಎಡ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡಿ. ಹೊಸ ಕೋಟಿನ ತೋಳು ಉದ್ದವಾಗಿದ್ದರೆ ತಂದುಕೊಡಿ' ಎಂದು ಬರೆದು ಕಳಿಸಿಯೇಬಿಟ್ಟೆ.

ಎರಡು ದಿನ ಅವರ ಅಂಗಡಿ ತೆರೆಯಲಿಲ್ಲ. ಸೂಜಿಗೆ ದಾರ ಪೋಣಿಸಲೂ ನನ್ನ ಕೈ ಓಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಕೋಟು ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಾರೆ.

"ಯಾರೋ ಹೆಸರು ಹೇಳ್ದೆ ತೋಳು ಸರಿ ಮಾಡ್ಕೊಡ್ತೀನಿ ಅಂದಿದ್ರು. ಅವರು ಇಲ್ಲೇ ಇರ್ತಾರಾ?" ಅಂದರು. ನಾನು ನಕ್ಕೆನೋ ಅತ್ತೆನೋ ತಿಳಿಯದು. ಕುರ್ಚಿ ಎಳೆದು ಕೂತು, "ಆಸ್ಪತ್ರೆಗೆ ಹೋಗಿದ್ದೆ. ನನಗೂ ಇದೆ. ಇನ್ಮೇಲೆ ಏನೇ ಬಂದ್ರೂ ಇಬ್ಬರೂ ಒಟ್ಟಿಗೆ ನೋಡ್ಕೊಳೋಣ" ಅಂದರು. ಅಬ್ಬಾ, ಪುಟ್ಟಿ, ಎದೆಯ ಭಾರವೆಲ್ಲ ಇಳಿಯಿತು.

ಆ ವಾರ ಡಾಕ್ಟರಮ್ಮ ಹೇಳಿದಂತೆ ದೂರವೇ ಇದ್ದೆವು. ಮಾತ್ರೆ ನುಂಗುವ ಹೊತ್ತಿಗೆ ಅವರು ಅಂಗಡಿಯ ಅಲಾರಂಗಳನ್ನೆಲ್ಲ ಒಟ್ಟಿಗೆ ಬಾರಿಸುತ್ತಿದ್ದರು. ಬೀದಿಯವರೆಲ್ಲ ಬೈದರು. ನಾನು ಕಿಟಕಿಯಲ್ಲಿ ನೀರಿನ ಲೋಟ ಎತ್ತಿ ತೋರಿಸುತ್ತಿದ್ದೆ. ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ನಿನ್ನ ಕೈಯ ಸೂಜಿಯಿಂದ ಯಾರಿಗೂ ನೋವಾಗದಿರಲಿ. ನೂರು ವರ್ಷ ಚೆನ್ನಾಗಿರು.

ನಿನ್ನ
ಅಜ್ಜಿ

ತಾ.ಕ.: ಮುಂದಿನ ತಿಂಗಳು ನಾವು ಮದುವೆಯಾಗುತ್ತಿದ್ದೇವೆ. ಹೆಸರು ಹಾಕದೆ ಮಗನಿಗೆ ಇದನ್ನು ತಿಳಿಸಲು ಆ ಜಾಲತಾಣದಲ್ಲಿ ಅನುಕೂಲವಿದೆಯಾ? ಇಲ್ಲದಿದ್ದರೆ ನಿನ್ನ ಅಪ್ಪನಿಗೆ ನೀನೇ ಹೇಳಿಬಿಡು. ಆದರೆ ಮೊದಲು ಅವನ ಕ್ಷೇಮ ವಿಚಾರಿಸು.