ಅಪ್ಪ ಹುರಿದ ಹೂಗೆಡ್ಡೆ

ಅಮ್ಮಾ,

ನೀನು ಕಣ್ಮುಚ್ಚುವ ಮೊದಲು ಕುಂಡದಲ್ಲಿ ನೆಟ್ಟಿದ್ದ ಹಳದಿ ಹೂವಿನ ಗೆಡ್ಡೆಗಳನ್ನು ಅಪ್ಪ ಇವತ್ತು ಈರುಳ್ಳಿಯೆಂದು ಕಿತ್ತು, ಹೆಚ್ಚಿ, ಹುರಿದು ತಿಂದುಬಿಟ್ಟರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ವಾಂತಿ ಶುರುವಾಗಿತ್ತು. ಆಸ್ಪತ್ರೆಗೆ ಸೇರಿಸಿದ್ದೇನೆ. ಗಾಬರಿಯಾಗಬೇಡ, ಜೀವಕ್ಕೇನೂ ಅಪಾಯವಿಲ್ಲವಂತೆ.

"ಮರೆವಿಗೆ ಅಂತ ಕೊಡ್ತಿರೋ ಮಾತ್ರೆಯಲ್ಲೂ ಇಂಥ ಗೆಡ್ಡೆಯ ಸತ್ವಾನೇ ಇರೋದು. ಅಳತೆ ಮೀರಿದ್ರೆ ವಿಷ. ಸದ್ಯಕ್ಕೆ ಮಾತ್ರೆ ನಿಲ್ಲಿಸಿ" ಅಂದರು ಡಾಕ್ಟರು.

"ನಿಲ್ಲಿಸಿದ್ರೆ ಉಳಿದಿರೋ ಅಷ್ಟಿಷ್ಟು ನೆನಪೂ ಹೋಗುತ್ತಲ್ಲ?" ಎಂದೆ. ಅವರು ಚೀಟಿಯಲ್ಲಿದ್ದ ಮಾತ್ರೆಯ ಹೆಸರಿನ ಮೇಲೆ ಗೀಟು ಎಳೆದರು.

ಅಪ್ಪ ನನ್ನ ಕೈ ಹಿಡಿದುಕೊಂಡು, "ನಿಮ್ಮಮ್ಮಂಗೂ ಒಂದು ಪಾಲು ಎತ್ತಿಟ್ಟಿದ್ದೀನಿ. ಬಂದ ತಕ್ಷಣ ಬಿಸಿ ಮಾಡಿ ಕೊಡು" ಅಂದರು. ಹೂಂ ಅಂದೆ.

ಮನೆಗೆ ಬಂದು ನೋಡಿದರೆ, ನಿನ್ನ ತಟ್ಟೆಯಲ್ಲೇ ಬಡಿಸಿ ಮುಚ್ಚಿಟ್ಟಿದ್ದಾರೆ. ವಿಷವೆಂದು ಗೊತ್ತಿದ್ದೂ ಚೆಲ್ಲಲು ಕೈ ಬರುತ್ತಿಲ್ಲ.