ಜೀನ್ಸ್ ಬಟ್ಟೆಯ ಬೆಲ್ಟ್

ಅವ್ವಾ,

ನಿನ್ನ ಮಗ ಈಗ ಬರೀ ಪ್ಯಾಂಟ್ ಹೊಲಿಯುವವನಲ್ಲ. ನೀನು ತೀರಿಹೋದ ಮೇಲೆ ಬಳ್ಳಾರಿಯ ಅದೇ ಜೀನ್ಸ್ ಬಟ್ಟೆಯಲ್ಲಿ, ಎರಡೂ ಬದಿಗೆ ಹಿಡಿಕೆಯಿಟ್ಟು, ಕಾಯಿಲೆಯವರನ್ನು ಎಬ್ಬಿಸುವ ಬೆಲ್ಟ್ ಮಾಡಿದ್ದೇನೆ. ಇವತ್ತು ಕುರುಗೋಡಿನಲ್ಲಿ, ಲಕ್ವ ಹೊಡೆದು ನಿನ್ನಂತೆಯೇ ಹಾಸಿಗೆ ಹಿಡಿದಿದ್ದ ಉಚ್ಚೆಂಗೆಮ್ಮನ ಸೊಂಟಕ್ಕೆ ಸೊಸೆ ಅದನ್ನು ಬಿಗಿದಳು. ಅವಳ ಮಗ ಹಿಡಿಕೆ ಹಿಡಿದು ಎಬ್ಬಿಸಿದ. ತಾಯಿಯ ಮೈ ಮುಟ್ಟಬೇಕಾಗಲಿಲ್ಲ. ಬಾಗಿಲವರೆಗೂ ನಡೆದು ಬಂದ ಮುದುಕಿ ಪಕ್ಕದ ಮನೆಯವಳನ್ನು ಕೂಗಿ, "ನೋಡಲೇ, ನಾನೇ ಎದ್ದು ಬಂದೀನಿ!" ಎಂದಳು. ನನಗೆ ಎದೆಯುಬ್ಬಿತು, ಸುಳ್ಳೇಕೆ ಹೇಳಲಿ.

"ಅಳತಿ ತಗೊಳ್ಳದ ಹೆಂಗ ಹೊಲಿದ್ರಿ?" ಎಂದು ಸೊಸೆ ಕೇಳಿದಳು. ನಾನು ನಕ್ಕು, ಹಿಡಿಕೆಯ ಹೊಲಿಗೆಯನ್ನು ಮತ್ತೊಮ್ಮೆ ಎಳೆದು ನೋಡಿದೆ.

ನಾನು ನಿನ್ನ ಸೊಂಟಕ್ಕೆ ಕೈಹಾಕಿ ಎತ್ತುವಾಗಲೆಲ್ಲ ನೀನು ನಾಚಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದೆ. ನಿನ್ನ ಅಳತೆಯನ್ನು ನನ್ನ ಕೈ ಇನ್ನೂ ಮರೆತಿಲ್ಲ, ಅವ್ವಾ.