ಸೋಫಾದೊಳಗೆ ಹೆತ್ತ ಮೇಡಂ

ನನ್ನ ರೇಡಿಯೋ,

ನಿನ್ನನ್ನು ಈ ಹೆಸರಿನಿಂದ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮಾತು ಕಲಿತ ದಿನದಿಂದ ಬಾಯಿ ಮುಚ್ಚದ ನಿನಗೆ ಅಪ್ಪ ಇಟ್ಟ ಹೆಸರು ಅದು. ನೀನು ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಲಕೋಟೆಯ ಮೇಲಿನ ಕಾಗೆ ಕಾಲಿನಂಥ ಅಕ್ಷರ ನೋಡಿಯೇ ಕಾಗದ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಹಾಕು, ಆದರೆ ಅದಕ್ಕೂ ಮೊದಲು ಒಂದು ನಾಯಿಗೆ ಏನಾಯಿತೆಂದು ಓದು. ಬರೀ ನನ್ನ ವಿಷಯವಾಗಿದ್ದರೆ ಇಷ್ಟು ಕೇಳಿಕೊಳ್ಳುತ್ತಿರಲಿಲ್ಲ.

ಅಂಗಡಿ ನೀನು ನೋಡಿದ ಹಾಗೇ ಇದೆ. ಕೆಳಗೆ ಸೋಫಾ ರಿಪೇರಿ, ಮೇಲೆ ಮನೆ, ನಡುವೆ ಆ ಕಿರಿದಾದ ಮೆಟ್ಟಿಲು. ಹೊಲಿಗೆಯಕ್ಕ ಈಗಲೂ ಕಿಟಕಿ ಪಕ್ಕದ ಮಿಷನ್ನಿನಲ್ಲಿ ಕವರು ಹೊಲಿಯುತ್ತಾಳೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನ್ನನ್ನು ಬೈಯುತ್ತಾಳೆ. ನೀನು ನೋಡದವಳು ಒಬ್ಬಳೇ, ಮೇಡಂ. ಕಂದು ಬಣ್ಣದ, ಗಿಡ್ಡ ಕಾಲಿನ ಬೀದಿನಾಯಿ. ಎರಡು ವರ್ಷದ ಹಿಂದೆ ಎಲ್ಲಿಂದಲೋ ಬಂದು ಅಂಗಡಿಯಲ್ಲೇ ಉಳಿದುಬಿಟ್ಟಳು. ಯಾವ ಸೋಫಾ ಮುಗಿಸಿದರೂ ಮೊದಲು ಅವಳು ಹತ್ತಬೇಕು, ಮೂರು ಸುತ್ತು ಸುತ್ತಿ ಕೂರಬೇಕು, ಆಮೇಲೆ ಗಂಭೀರವಾಗಿ ಇಳಿದು ಹೋಗಬೇಕು. "ಮೇಡಂ ಸಹಿ ಆಯ್ತಾ?" ಎಂದು ಹೊಲಿಗೆಯಕ್ಕ ಕೇಳುತ್ತಿದ್ದಳು. ಹೆಸರು ಹಾಗೇ ಅಂಟಿಕೊಂಡಿತು.

ಹಲ್ಲಿನ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನ ಸೋಫಾ ರಿಪೇರಿಗೆ ಕೊಟ್ಟಿದ್ದರು. ಸೀಟಿನ ಫೋಮು, ಸ್ಪ್ರಿಂಗು ಎಲ್ಲ ಕಿತ್ತು ತೆಗೆದಿದ್ದೆ. ತಳದ ಗೋಣಿಬಟ್ಟೆ ಮಾತ್ರ ಉಳಿದು, ಅದು ಮುಚ್ಚಳವಿಲ್ಲದ ಪೆಟ್ಟಿಗೆಯ ಹಾಗಿತ್ತು. ಒಂದು ಬೆಳಿಗ್ಗೆ ಷಟರು ಎತ್ತಿದರೆ ಮೇಡಂ ಅದರೊಳಗೆ ಮಲಗಿದ್ದಾಳೆ, ಹೊಟ್ಟೆಗೆ ಅಂಟಿಕೊಂಡು ಆರು ಮರಿ! ಡಾಕ್ಟರು ಫೋನು ಮಾಡಿ, "ಏನ್ರೀ, ನನ್ನ ಪೇಶೆಂಟುಗಳು ನಿಂತ್ಕೊಂಡೇ ಹಲ್ಲುನೋವು ಅನುಭವಿಸ್ಬೇಕಾ?" ಎಂದರು. "ಸೋಫಾಕ್ಕೆ ಹೆರಿಗೆ ಆಗಿದೆ ಸಾರ್" ಎಂದೆ. ನಂಬದೆ ತಾವೇ ಬಂದರು. ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. "ಒಂದಕ್ಕೂ ಹಲ್ಲಿಲ್ಲ. ಇಲ್ಲಿ ನಂಗೇನೂ ಕೆಲಸ ಇಲ್ಲ, ನೀವು ನಿಧಾನಕ್ಕೆ ಕೊಡಿ" ಎಂದು ಹೊರಟರು.

ಮೊದಲ ಹನ್ನೊಂದು ದಿನ ಏನೂ ತೊಂದರೆಯಿರಲಿಲ್ಲ. ಮರಿಗಳು ಉಬ್ಬುತ್ತಾ ಹೋದವು, ಮೇಡಂ ಇಳಿಯುತ್ತಾ ಹೋದಳು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಹನ್ನೆರಡನೆಯ ದಿನ ಅವಳು ಮರಿಗಳನ್ನು ಬಿಟ್ಟೆದ್ದು ಅಂಗಡಿಯ ಉದ್ದಕ್ಕೂ ಓಡಾಡತೊಡಗಿದಳು. ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಾಳೆ, ಹೋಗಿ ಮಲಗುತ್ತಾಳೆ, ಮತ್ತೆ ಏಳುತ್ತಾಳೆ. ಮರಿಗಳು ಅತ್ತರೂ ಆ ಕಡೆ ತಿರುಗಿ ನೋಡುವುದಿಲ್ಲ. ಸೆಕೆ ಇರಬೇಕೆಂದು ಫ್ಯಾನು ಅವಳ ಕಡೆ ತಿರುಗಿಸಿದೆ. ಮರುದಿನ ಬೆಳಿಗ್ಗೆ ಅವಳ ಹಿಂಗಾಲು ಬಿಗಿದುಕೊಂಡಿದ್ದವು, ಮರದ ಕಾಲು ಕಟ್ಟಿಕೊಂಡವಳಂತೆ ನಡೆಯುತ್ತಿದ್ದಳು. ಗೋಡೆಯ ಮೂಲೆಗೆ ಹೋಗಿ ತಲೆ ಒತ್ತಿಕೊಂಡು ನಿಂತಳು.

ಹೊಲಿಗೆಯಕ್ಕ ಬಾಯಿಂದ ಗುಂಡುಸೂಜಿಗಳನ್ನು ತೆಗೆದಿಟ್ಟಳು. ಅವಳು ಸೂಜಿ ತೆಗೆದಳೆಂದರೆ ವಿಷಯ ದೊಡ್ಡದು ಎಂದೇ ಅರ್ಥ. "ಯಾಕೋ ನಂಗೆ ಭಯ ಆಗ್ತಿದೆ ಕಣೋ. ಆಸ್ಪತ್ರೆಗೆ ಎತ್ಕೊಂಡು ಹೋಗು" ಎಂದಳು.

"ನಾಯಿ ಹೆರೋದು ಹೊಸದಾ? ಬೀದೀಲಿ ಹೆತ್ತು ಬೀದೀಲೇ ಸಾಕ್ಕೋತವೆ. ಎರಡು ದಿನ ಬಿಟ್ರೆ ತಾನೇ ಸರಿಹೋಗುತ್ತೆ" ಎಂದೆ.

ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಏನೋ ಹೇಳಲು ಹೋದವಳು ನುಂಗಿಕೊಂಡಳು. ಏನೆಂದು ನನಗೆ ಆಗ ಹೊಳೆಯಲಿಲ್ಲ.

ಅವತ್ತು ಮಧ್ಯಾಹ್ನ ಕುರ್ಚಿಯೊಂದಕ್ಕೆ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಿದ್ದೆ. ನಾನು ಸುತ್ತಿಗೆ ನಿಲ್ಲಿಸಿದರೂ ಟಕಟಕ ಸದ್ದು ನಿಲ್ಲಲಿಲ್ಲ. ಸೋಫಾದ ಚೌಕಟ್ಟು ಬಡಿದುಕೊಳ್ಳುತ್ತಿತ್ತು. ಓಡಿಹೋಗಿ ನೋಡಿದೆ. ಮೇಡಂ ಮಗ್ಗುಲಾಗಿ ಬಿದ್ದಿದ್ದಳು. ನಾಲ್ಕೂ ಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ, ಕಣ್ಣು ತೆರೆದಿದ್ದರೂ ಅದರಲ್ಲಿ ನೋಟವಿರಲಿಲ್ಲ. ಆ ಸ್ಥಿತಿಯಲ್ಲೂ ಒಂದು ಮರಿ ಮೊಲೆ ಬಿಟ್ಟಿರಲಿಲ್ಲ. ಮೇಡಂ ಅನ್ನು ಎತ್ತಿಕೊಂಡರೆ ಮೈ ಇಸ್ತ್ರಿಪೆಟ್ಟಿಗೆಯಂತೆ ಸುಡುತ್ತಿತ್ತು. ಕೈಗೆ ಸಿಕ್ಕ ಪರದೆ ಬಟ್ಟೆಯಲ್ಲಿ ಸುತ್ತಿಕೊಂಡು ಎರಡು ಬೀದಿ ಓಡಿದೆ. ಈ ವಯಸ್ಸಿನಲ್ಲಿ ನಾನು ಓಡಿದ್ದು ಕಂಡು ಜನ ದಾರಿ ಬಿಟ್ಟರು.

ಪ್ರಾಣಿ ಆಸ್ಪತ್ರೆಯ ಡಾಕ್ಟರು ತಲೆ ನರೆತ ಹೆಂಗಸು. ಒಮ್ಮೆ ಕೈಯಿಟ್ಟು ನೋಡಿದವರೇ ಅವಳ ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದರು. ಎದೆಗೆ ಸ್ಟೆತಸ್ಕೋಪು ಒತ್ತಿ ಹಿಡಿದು, ಸಿರಿಂಜನ್ನು ಒಂದೊಂದು ಹನಿಯ ಲೆಕ್ಕದಲ್ಲಿ ಒತ್ತತೊಡಗಿದರು. "ಆತುರ ಮಾಡಿದ್ರೆ ಹೃದಯ ನಿಂತುಬಿಡುತ್ತೆ. ತಲೆ ಹಿಡ್ಕೊಳ್ಳಿ, ಮಾತಾಡ್ಬೇಡಿ" ಎಂದರು. ಅರ್ಧ ಗಂಟೆಯೇ ಆಯಿತೇನೋ. ನನ್ನ ಅಂಗೈಯಲ್ಲಿದ್ದ ಆ ದವಡೆಯ ನಡುಕ ಸಣ್ಣಗಾಗುತ್ತಾ ಬಂತು. ಮೇಡಂ ಕಣ್ಣು ಮಿಟುಕಿಸಿದಳು.

"ಮೈಯಲ್ಲಿರೋ ಸುಣ್ಣದ ಅಂಶ ಎಲ್ಲಾ ಹಾಲಿಗೆ ಹೋಗಿಬಿಟ್ಟಿದೆ" ಎಂದರು ಡಾಕ್ಟರು. "ಸಣ್ಣ ಮೈ, ಆರು ಮರಿ. ತನ್ನ ಮೂಳೆಯಿಂದ ತೆಗೆದು ಕುಡಿಸ್ತಿದ್ದಾಳೆ. ಎಷ್ಟು ದಿನದಿಂದ ಹೀಗಿದ್ದಾಳೆ?"

"ನಿನ್ನೆಯಿಂದ."

"ನಿನ್ನೆಯಿಂದ ನೋಡ್ತಾನೇ ಇದ್ರಾ?"

ಅವರು ಗದರಲಿಲ್ಲ. ಚೀಟಿಯಲ್ಲಿ ಔಷಧಿ ಬರೆಯುತ್ತಾ, ತಲೆ ಕೂಡ ಎತ್ತದೆ ಕೇಳಿದ್ದು. ತಂಗೀ, ನಾಲ್ಕು ವರ್ಷದ ಹಿಂದೆ ಯಾರಾದರೂ ನನ್ನನ್ನು ಈ ಪ್ರಶ್ನೆ ಕೇಳಬೇಕಿತ್ತು.

ನಿನ್ನನ್ನು ನಾಯಿಗೆ ಹೋಲಿಸುತ್ತಿದ್ದಾನೆ ಎಂದು ಸಿಟ್ಟಾಗಬೇಡ. ಅಥವಾ ಆಗು. ಆಗುವುದಕ್ಕೆ ನಿನಗೆ ಅದಕ್ಕಿಂತ ದೊಡ್ಡ ಕಾರಣವಿದೆ. ನಿನ್ನ ಗಂಡನಿಗೆ ರಜೆ ಸಿಗದೆ, ಅಮ್ಮನಿಲ್ಲದ ಈ ಮನೆಗೆ ನೀನು ಹಸುಗೂಸು ಎತ್ತಿಕೊಂಡು ಬಂದೆ. ಎರಡನೆಯ ವಾರಕ್ಕೆ ನಿನ್ನ ಮಾತು ನಿಂತಿತು. ನೀನು ಸುಮ್ಮನಾದದ್ದನ್ನು ನಾನು ಗಮನಿಸಲಿಲ್ಲವೆಂದಲ್ಲ, ಮನೆ ತಣ್ಣಗಾಯಿತೆಂದು ಒಳಗೊಳಗೇ ಹಿಗ್ಗಿದೆ. ದಿನವಿಡೀ ನನ್ನ ತಲೆಯ ಮೇಲೆ ನಿನ್ನ ಹೆಜ್ಜೆ ಸದ್ದು, ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ತಟ್ಟೆಯಲ್ಲಿ ಹಾಕಿಟ್ಟದ್ದು ಹಾಗೇ ಒಣಗಿರುತ್ತಿತ್ತು. ಮಗು ಅತ್ತರೆ ನೀನು ಕಿಟಕಿಯಾಚೆ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ನೀನು ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದು ಅಂಗಡಿಗೇ ಬಂದೆ. ಗಿರಾಕಿಗಳಿದ್ದರು. "ಅಣ್ಣ, ಇವಳನ್ನ ತಗೋ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ" ಎಂದೆ. ಮಗುವನ್ನು ಮುಂದೆ ಚಾಚಿದ್ದ ನಿನ್ನ ಕೈ ನಡುಗುತ್ತಿತ್ತು. ನಾನು ಆ ನಡುಕ ಕಂಡೆ. ಕಂಡೂ, "ಲೋಕದಲ್ಲಿ ನೀನೊಬ್ಳೇನಾ ಹೆತ್ತಿರೋದು? ನಾಟಕ ಬಿಡು. ಎರಡು ದಿನ ಹೋದ್ರೆ ತಾನೇ ಸರಿಹೋಗುತ್ತೆ" ಎಂದೆ. ಗಿರಾಕಿಯೊಬ್ಬ ನಕ್ಕ. ಅವನ ಜೊತೆ ನಾನೂ ನಕ್ಕೆ. ಹೊಲಿಗೆಯಕ್ಕ ಮಿಷನ್ನು ನಿಲ್ಲಿಸಿ ನಿನ್ನ ಹಿಂದೆ ಮೇಲೆ ಬರದೇ ಹೋಗಿದ್ದರೆ ಅವತ್ತು ಏನಾಗುತ್ತಿತ್ತೋ, ಅದನ್ನು ಯೋಚಿಸುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ನಿನ್ನ ಗಂಡನಿಗೆ ಫೋನು ಮಾಡಿ ಕರೆಸಿದವಳೂ ಅವಳೇ. ನೀನು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದೆಯೆಂದು ತಿಳಿದಾಗಲೂ ನಾನು ಬರಲಿಲ್ಲ. ಕೇಳಿದವರಿಗೆಲ್ಲ, "ತಂಗಿಗೆ ಕೊಬ್ಬು, ಹೇಳದೆ ಕೇಳದೆ ಹೊರಟೋದ್ಲು" ಎಂದೆ. ಇದು ನಿನ್ನ ಕಿವಿಗೆ ಬಿದ್ದಿತ್ತೋ ಇಲ್ಲವೋ, ಬಿದ್ದಿರದಿದ್ದರೆ ನನ್ನ ಕೈಯಿಂದಲೇ ತಿಳಿಯಲಿ.

ಮೇಡಂ ಉಳಿದಳು, ಆದರೆ ಸುಲಭವಾಗಿ ಉಳಿಯಲಿಲ್ಲ. ಸದ್ಯಕ್ಕೆ ಮರಿಗಳನ್ನು ಅವಳ ಹತ್ತಿರ ಬಿಡಬಾರದು, ಬಾಟಲಿಯಲ್ಲೇ ಕುಡಿಸಬೇಕು ಎಂದಿದ್ದರು ಡಾಕ್ಟರು. ರಟ್ಟಿನ ಪೆಟ್ಟಿಗೆಗೆ ಫೋಮು ಹಾಸಿ, ಆರನ್ನೂ ಮೇಲೆ ನೀನಿದ್ದ ಕೋಣೆಗೆ ಸಾಗಿಸಿದೆ. ಮೂರು ಮೂರು ಗಂಟೆಗೊಮ್ಮೆ ಹಾಲು. ಕುಡಿದಾದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಒರೆಸಬೇಕು, ತಾಯಿ ನೆಕ್ಕುವ ಹಾಗೆ. ಇಲ್ಲದಿದ್ದರೆ ಅವಕ್ಕೆ ಉಚ್ಚೆ ಹೊಯ್ಯಲೂ ಬರುವುದಿಲ್ಲ. ಮೊದಲ ಮರಿಗೆ ಕುಡಿಸುವಾಗ ಹಾಲು ಮೂಗಿನಿಂದ ಬಂತು. "ಅಂಗಾತ ಹಿಡೀಬಾರ್ದು ಕಣೋ. ನೀನೆಲ್ಲಿ ಮಗು ಎತ್ಕೊಂಡಿದ್ದೆ, ಗೊತ್ತಾಗೋಕೆ!" ಎಂದಳು ಹೊಲಿಗೆಯಕ್ಕ. ಅವಳು ಬೇಕೆಂದೇ ಚುಚ್ಚಿದಳೋ, ಸುಮ್ಮನೆ ಬಂದ ಮಾತೋ, ನಾನು ಕೇಳಲಿಲ್ಲ.

ಕೆಳಗೆ ಮೇಡಂ ಮೆಟ್ಟಿಲ ಬಾಗಿಲು ಕೆರೆಯುತ್ತಿದ್ದಳು. ಕುಡಿಯುವವರಿಲ್ಲದೆ ಹಾಲು ಕಟ್ಟಿಕೊಂಡು, ಎರಡನೆಯ ದಿನಕ್ಕೆ ಒಂದು ಮೊಲೆ ಕಲ್ಲಿನಂತೆ ಗಟ್ಟಿಯಾಗಿ ಕೆನ್ನೀಲಿಗೆ ತಿರುಗಿತು. ಕಂಡ ತಕ್ಷಣ ಎತ್ತಿಕೊಂಡು ಹೋದೆ. ಮಾತ್ರೆ ಕೊಟ್ಟರು. ದಿನಕ್ಕೆ ನಾಲ್ಕು ಸಲ ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟು ಕೆಟ್ಟ ಹಾಲು ಹಿಂಡಬೇಕೆಂದರು. ಮೊದಲ ಸಲ ಒತ್ತಿದಾಗ ಅವಳು ನನ್ನ ಮಣಿಕಟ್ಟಿಗೆ ಬಾಯಿ ಹಾಕಿದಳು. ಕಚ್ಚಲಿಲ್ಲ, ಹಲ್ಲೂರಿ ಹಿಡಿದುಕೊಂಡಳು ಅಷ್ಟೇ. ಎಷ್ಟು ನೋಯುತ್ತಿದೆಯೆಂದು ಹೇಳಲು ಅವಳಿಗೆ ಇದ್ದದ್ದು ಅದೊಂದೇ ದಾರಿ. ನಾನು ಕೈ ಎಳೆದುಕೊಳ್ಳಲಿಲ್ಲ. ನೆಲದ ಮೇಲೆ ಇಬ್ಬರೂ ಹಾಗೇ ಕೂತೆವು, ಅವಳ ಬಾಯಲ್ಲಿ ನನ್ನ ಕೈ, ನನ್ನ ಕೈಯಲ್ಲಿ ಅವಳ ಗಾಯ.

ನಾಲ್ಕನೆಯ ದಿನ ಎಲ್ಲಕ್ಕಿಂತ ಸಣ್ಣ ಮರಿ ಪೆಟ್ಟಿಗೆಯ ಮೂಲೆಯಲ್ಲಿ ತಣ್ಣಗಾಗಿತ್ತು. ಹಿಂದಿನ ದಿನವೇ ಅದು ಬಾಟಲಿ ಸರಿಯಾಗಿ ಚೀಪಿರಲಿಲ್ಲ. ಆಮೇಲೆ ಕುಡಿಸಿದರಾಯಿತೆಂದು ಪಕ್ಕಕ್ಕಿಟ್ಟು ಮರೆತಿದ್ದೆ. ಮೇಡಂ ಮುಂದೆ ತಂದಿಟ್ಟೆ. ಅದಕ್ಕೆ ಜೀವ ಬರುತ್ತದೇನೋ ಎಂಬಂತೆ ಬಹಳ ಹೊತ್ತು ನೆಕ್ಕಿದಳು, ಕೊನೆಗೆ ತಾನೇ ಮುಖ ತಿರುಗಿಸಿಕೊಂಡಳು. ಮೂಲೆಯ ಖಾಲಿ ಸೈಟಿನಲ್ಲಿ ಗುಂಡಿ ತೋಡಿ ಮುಚ್ಚಿ ಬಂದೆ. ಅವತ್ತು ಹೊಲಿಗೆಯಕ್ಕನೂ ನನ್ನನ್ನು ಬೈಯಲಿಲ್ಲ.

ಇದೆಲ್ಲ ಆಗಿ ಒಂದು ತಿಂಗಳಾಯಿತು. ಆ ಮೊಲೆ ಒಡೆದು ಕೀವು ಸೋರಿ ಈಗ ಮಾಯ್ದಿದೆ, ಗೆರೆ ಉಳಿದಿದೆ. ಐದು ಮರಿಗಳೂ ನುರಿದ ಅನ್ನ ತಿನ್ನುತ್ತವೆ. ಮೇಡಂ ಮಾತ್ರ ಮೊದಲಿನವಳಾಗಿಲ್ಲ. ಹೊಸ ಸೋಫಾ ಹತ್ತುವುದಿಲ್ಲ, ಬಾಗಿಲ ಬಳಿ ಸುಮ್ಮನೆ ಕೂತಿರುತ್ತಾಳೆ. ಮರಿ ಹತ್ತಿರ ಬಂದರೆ ಕೆಲವು ಸಲ ಎದ್ದು ಹೊರಟುಬಿಡುತ್ತಾಳೆ. ಹಿಂದಿನ ನಾನಾಗಿದ್ದರೆ ಎಂಥಾ ತಾಯಿ ಇವಳು ಎನ್ನುತ್ತಿದ್ದೆ. ಈಗ ಮರಿಯನ್ನು ಎತ್ತಿಕೊಂಡು ಅವಳಿಗೆ ದಾರಿ ಬಿಡುತ್ತೇನೆ.

ಮೊನ್ನೆ ನಿನ್ನ ಗಂಡ ಫೋನು ಮಾಡಿದ್ದ. ನಿನಗೆ ಏಳು ತಿಂಗಳಂತೆ. ನೀನು ಮತ್ತೆ ಮಾತು ಕಡಿಮೆ ಮಾಡಿದ್ದೀಯಂತೆ, ಕ್ಯಾಲೆಂಡರಿನ ಮುಂದೆ ನಿಂತೇ ಇರುತ್ತೀಯಂತೆ. "ಯಾಕೆ ನಿಮಗೆ ಹೇಳ್ತಿದ್ದೀನೋ ಗೊತ್ತಿಲ್ಲ, ನಂಗೂ ಭಯ" ಎಂದ. ಪಾಪ, ಅವನಿಗೂ ಹೇಳಿಕೊಳ್ಳಲು ಬೇರೆ ಯಾರಿದ್ದಾರೆ? ನಾನು ಫೋನಿಟ್ಟು ಅಂಗಡಿ ಮುಚ್ಚಿ, ಈ ಕಾಗದಕ್ಕೆ ಕೂತೆ. ಮೂರು ದಿನವಾಯಿತು, ಹರಿದದ್ದೇ ಜಾಸ್ತಿ.

ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ಕೇಳಿದರೆ ನಿನ್ನ ತಲೆಗೆ ಇನ್ನೊಂದು ಕೆಲಸ ಹೊರಿಸಿದಂತೆ. ನಿನ್ನನ್ನು ಆಗ ಗುಣಪಡಿಸಿದ ಡಾಕ್ಟರನ್ನು ಹೆರಿಗೆಗೆ ಮುಂಚೆಯೇ ಹೋಗಿ ನೋಡು, ಇದೊಂದು ನನ್ನ ಬೇಡಿಕೆ. ಒಮ್ಮೆ ಬಂದದ್ದು ಮತ್ತೆ ಬರಲೇಬೇಕೆಂದಿಲ್ಲ, ಬಂದರೂ ಈ ಸಲ ನೀನು ಒಬ್ಬಳೇ ಇರಬೇಕಾಗಿಲ್ಲ. ಹೊಲಿಗೆಯಕ್ಕ ಬರಲು ತಯಾರಿದ್ದಾಳೆ. "ನಿನ್ನ ಜೊತೆ ಅಲ್ಲ, ಬೇಕಾದ್ರೆ ನಿನ್ನ ಬದಲಿಗೆ ಹೋಗ್ತೀನಿ" ಎಂದಳು. ನನ್ನ ಮುಖ ಬೇಡವೆನಿಸಿದರೆ ಅವಳನ್ನೇ ಕರೆಸಿಕೋ, ನನಗೆ ಬೇಜಾರಿಲ್ಲ. ನಾನೂ ಬರಬಹುದು ಎನಿಸಿದರೆ ನಿಮ್ಮ ಬೀದಿಯಲ್ಲೇ ಒಂದು ಕೋಣೆ ಹಿಡಿದು ಇರುತ್ತೇನೆ. ಬಟ್ಟೆ ಒಗೆಯುತ್ತೇನೆ, ಬಾಟಲಿ ಕುದಿಸುತ್ತೇನೆ, ನಿನ್ನ ದೊಡ್ಡ ಮಗಳನ್ನು ಆಡಿಸುತ್ತೇನೆ. ಬುದ್ಧಿ ಮಾತ್ರ ಹೇಳುವುದಿಲ್ಲ. ಅಣೆಕಟ್ಟು ಕಟ್ಟಿದ ಹಾಗೆ ಬಾಯಿ ಕಟ್ಟಿಕೊಂಡಿರುತ್ತೇನೆ.

ಮಗುವನ್ನು ನೋಡಲು ಎಲ್ಲರೂ ಬರುತ್ತಾರೆ. ನಾನು ನಿನ್ನನ್ನು ನೋಡಲು ಬರುತ್ತೇನೆ.

ಹಸಿವಾದಾಗ ಊಟ, ಕಣ್ಣೆಳೆದಾಗ ನಿದ್ದೆ, ಅಳು ಬಂದಾಗ ಪಕ್ಕದಲ್ಲೊಬ್ಬರು, ಇಷ್ಟು ನಿನಗೆ ದಿನವೂ ಸಿಗಲಿ.

ತಡವಾಗಿ ಬರೆಯುತ್ತಿರುವ,
ನಿನ್ನ ಅಣ್ಣ